ಏರುದಾರಿಗೆ ತಕ್ಕ ಸೈಕಲ್ ಗೇರು: ಹಗುರದ ಕಡೆಯಿಂದ ಲೆಕ್ಕ ಆರಂಭಿಸುವ ಬಗೆ

ಗೇರ್ ಸೈಕಲ್ ಕೊಳ್ಳಲು ಅಂಗಡಿಗೆ ಹೋದವರಿಗೆ ಮೊದಲು ಕೇಳಿಸುವುದು ಒಂದು ಸಂಖ್ಯೆ: ಇದು 7 ಗೇರಿನದು, ಅದು 21 ಗೇರಿನದು, ಆಚೆಯದು 24ರದು. ಸಂಖ್ಯೆ ಸುಳ್ಳಲ್ಲ. ಆದರೆ ದಿನವೂ ಕಚೇರಿಗೆ, ಕಾಲೇಜಿಗೆ, ಸಂತೆಗೆ ಸೈಕಲ್ಲಿನಲ್ಲಿ ಹೋಗಿಬರುವವರಿಗೆ ಅದರಿಂದ ತಿಳಿಯುವುದು ಬಹಳ ಕಡಿಮೆ. ಎದುರಿಗೆ ಏರು ಬಂದಾಗ ಸವಾರರು ಸೀಟಿನ ಮೇಲೆ ಕುಳಿತೇ ಮುಂದೆ ಸಾಗುತ್ತಾರೋ ಅಥವಾ ಇಳಿದು ತಳ್ಳುತ್ತಾರೋ ಎಂಬುದನ್ನು ನಿರ್ಧರಿಸುವುದು ಆ 21ರಲ್ಲಿ ಒಂದೇ ಒಂದು ಗೇರು, ಎಲ್ಲಕ್ಕಿಂತ ಹಗುರವಾದದ್ದು. ಆದ್ದರಿಂದ ಗೇರಿನ ಆಯ್ಕೆಯನ್ನು ಹಗುರದ ಕಡೆಯಿಂದ ಆರಂಭಿಸಬೇಕು, ವೇಗದ ಕಡೆಯಿಂದಲ್ಲ ಎಂಬುದೇ ಈ ಲೇಖನದ ನಿಲುವು. ನಮ್ಮ ಮಾರುಕಟ್ಟೆಯಲ್ಲಿ ಸಿಗುವ ಅನೇಕ ಸೈಕಲ್ಲುಗಳ, ಅದರಲ್ಲೂ ರೋಡ್ ಬೈಕುಗಳ, ಗೇರು ಸ್ಪರ್ಧೆಯ ಸವಾರರ ಕಾಲಿಗೆ ಹೊಂದುವಂಥದ್ದು. ಅದನ್ನು ಕೊಂಡ ಸಾಮಾನ್ಯ ಸವಾರರು ಮೊದಲ ಘಾಟಿಯಲ್ಲೇ ಮಂಡಿ ನೋಯಿಸಿಕೊಂಡು, ತಮ್ಮ ದೇಹವೇ ಸೈಕಲ್ಲಿಗೆ ಒಗ್ಗದು ಎಂದು ತೀರ್ಮಾನಿಸಿ, ಅದನ್ನು ಮೂಲೆಗೆ ನಿಲ್ಲಿಸಿಬಿಡುತ್ತಾರೆ. ಕೊರತೆ ಬಹುಮಟ್ಟಿಗೆ ದೇಹದಲ್ಲಿರುವುದಿಲ್ಲ, ಹಲ್ಲುಚಕ್ರಗಳ ಅಳತೆಯಲ್ಲಿರುತ್ತದೆ.

ಮೊದಲ ಹೆಜ್ಜೆ: ದಾರಿಯ ಏರನ್ನು ಅಳೆಯುವುದು

ಏರಿನ ಕಡಿದನ್ನು ಶೇಕಡಾವಾರಿನಲ್ಲಿ ಹೇಳುವುದು ವಾಡಿಕೆ. 100 ಮೀಟರ್ ಮುಂದೆ ಹೋಗುವಷ್ಟರಲ್ಲಿ ರಸ್ತೆ 8 ಮೀಟರ್ ಮೇಲಕ್ಕೆ ಏರಿದರೆ ಅದು ಶೇ. 8ರ ಏರು. ಎತ್ತರ ತೋರಿಸುವ ಯಾವುದೇ ಸೈಕ್ಲಿಂಗ್ ಆ್ಯಪ್‌ನಲ್ಲಿ ನಿಮ್ಮ ದಾರಿಯನ್ನು ಒಮ್ಮೆ ದಾಖಲಿಸಿಕೊಂಡರೆ ಈ ಲೆಕ್ಕ ಸಿಗುತ್ತದೆ. ಆದರೆ ತೀರ ಚಿಕ್ಕ ಅಂತರಗಳಲ್ಲಿ ಫೋನಿನ ಎತ್ತರದ ಲೆಕ್ಕ ಏರುಪೇರಾಗುವುದರಿಂದ 200ರಿಂದ 300 ಮೀಟರಿನ ತುಂಡುಗಳನ್ನು ನೋಡುವುದು ಒಳ್ಳೆಯದು. ಮನೆಯ ಹತ್ತಿರದ ಒಂದು ಚಿಕ್ಕ ಏರನ್ನಷ್ಟೇ ಅಳೆಯಬೇಕಾಗಿದ್ದರೆ ಫೋನಿಗಿಂತ ನಂಬಿಕೆಯ ಉಪಾಯವೊಂದಿದೆ. ನೇರವಾದ 1 ಮೀಟರ್ ಉದ್ದದ ಪಟ್ಟಿಯನ್ನು ರಸ್ತೆಯ ಉದ್ದಕ್ಕೆ ಇಟ್ಟು, ಅದರ ಮೇಲೆ ಗಾರೆ ಕೆಲಸದವರು ಬಳಸುವ ರಸಮಟ್ಟವನ್ನಿಟ್ಟು, ಪಟ್ಟಿ ಸಮತಲಕ್ಕೆ ಬರುವವರೆಗೆ ಕೆಳಗಿನ ತುದಿಯನ್ನು ಎತ್ತಿ, ಆ ತುದಿಗೂ ನೆಲಕ್ಕೂ ನಡುವಿನ ಅಂತರವನ್ನು ಅಳೆಯಿರಿ. ಎಷ್ಟು ಸೆಂಟಿಮೀಟರೋ ಅಷ್ಟೇ ಶೇಕಡಾ ಏರು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಇಡೀ ಬೆಟ್ಟದ ಸರಾಸರಿಯನ್ನು ನೋಡಿ ಗೇರು ಆರಿಸಬಾರದು. ಬೆಂಗಳೂರಿನ ಸವಾರರಿಗೆ ಚಿರಪರಿಚಿತವಾದ ನಂದಿಬೆಟ್ಟದ ಕೊನೆಯ ಏಳೆಂಟು ಕಿಲೋಮೀಟರ್ ಏರಿನ ಸರಾಸರಿ ಶೇ. 6ರ ಆಸುಪಾಸಿನಲ್ಲಿದೆ. ಆದರೆ ತುದಿಯ ಕಡೆ ಹೋದಂತೆ ರಸ್ತೆ ಕಡಿದಾಗುತ್ತದೆ, ಕಾಲು ದಣಿದಿರುವುದೂ ಆಗಲೇ. ಸೋಮೇಶ್ವರದಿಂದ ಆಗುಂಬೆಗೆ ಹತ್ತುವ 14 ಹೇರ್‌ಪಿನ್ ತಿರುವುಗಳಲ್ಲಿ ಪ್ರತಿ ತಿರುವಿನ ಒಳಮಗ್ಗುಲು ಹೊರಮಗ್ಗುಲಿಗಿಂತ ಎಷ್ಟೋ ಕಡಿದು. ಮಂಗಳೂರಿನ ಒಳರಸ್ತೆಗಳ ಚಡಾವುಗಳು ನೂರಿನ್ನೂರು ಮೀಟರಿನಲ್ಲಿ ಮುಗಿದುಹೋಗುವುದರಿಂದ ಊರಿನ ಸರಾಸರಿಯಲ್ಲಿ ಅವು ಕಾಣುವುದೇ ಇಲ್ಲ, ಆದರೆ ಸವಾರರನ್ನು ಇಳಿಸುವುದು ಅವೇ. ಹೀಗಾಗಿ ನೀವು ಬರೆದಿಟ್ಟುಕೊಳ್ಳಬೇಕಾದದ್ದು ನಿಮ್ಮ ದಿನದ ದಾರಿಯಲ್ಲಿ ಅತಿ ಕಡಿದಾದ 200 ಮೀಟರಿನ ಏರು ಎಷ್ಟು ಎಂಬುದನ್ನು.

ಎರಡನೆಯ ಹೆಜ್ಜೆ: ತೂಕ, ಶಕ್ತಿ ಮತ್ತು ಬೇಕಾದ ಅನುಪಾತ

ಮುಂದಿನ ಚೈನ್‌ರಿಂಗಿನ (ಪೆಡಲಿಗೆ ಕೂಡಿದ ಹಲ್ಲುಚಕ್ರದ) ಹಲ್ಲುಗಳನ್ನು ಹಿಂದಿನ ಹಲ್ಲುಚಕ್ರದ ಹಲ್ಲುಗಳಿಂದ ಭಾಗಿಸಿದರೆ ಬರುವುದು ಗೇರಿನ ಅನುಪಾತ. ಪೆಡಲ್ ಒಂದು ಸುತ್ತು ತಿರುಗಿದಾಗ ಹಿಂದಿನ ಚಕ್ರ ಎಷ್ಟು ಸುತ್ತು ತಿರುಗುತ್ತದೆ ಎಂಬುದನ್ನು ಅದು ಹೇಳುತ್ತದೆ. ದೊಡ್ಡವರ ಹೈಬ್ರಿಡ್ ಮತ್ತು ರೋಡ್ ಸೈಕಲ್ಲುಗಳ ಚಕ್ರದ ಸುತ್ತಳತೆ ಹೆಚ್ಚುಕಡಿಮೆ 2.15 ಮೀಟರ್ ಇರುವುದರಿಂದ, ಅನುಪಾತ 1 ಆದಾಗ ಪೆಡಲಿನ ಒಂದು ಸುತ್ತಿಗೆ ಸೈಕಲ್ 2.15 ಮೀಟರ್ ಮುಂದೆ ಹೋಗುತ್ತದೆ. ಅನುಪಾತ ಚಿಕ್ಕದಾದಷ್ಟೂ ಗೇರು ಹಗುರ.

ದಿನಬಳಕೆಯ ಆರೋಗ್ಯವಂತ ಸವಾರರು ಅರ್ಧ ಗಂಟೆಯವರೆಗೆ ಕೊಡಬಲ್ಲ ಶಕ್ತಿ ಸಾಮಾನ್ಯವಾಗಿ 100ರಿಂದ 150 ವ್ಯಾಟ್. ಚೈನಿನಲ್ಲಿ ವ್ಯಯವಾಗುವುದನ್ನು ಕಳೆದು ಚಕ್ರಕ್ಕೆ 120 ವ್ಯಾಟ್ ತಲುಪುತ್ತದೆ ಎಂದಿಟ್ಟುಕೊಳ್ಳೋಣ. ಸವಾರರ ತೂಕ 65 ಕೆ.ಜಿ., ಸೈಕಲ್ಲಿನದು 15, ಚೀಲದ್ದು 5, ಒಟ್ಟು 85 ಕೆ.ಜಿ. ಏರಿನಲ್ಲಿ ಗಾಳಿಯ ತಡೆ ನಗಣ್ಯ. ಶಕ್ತಿಯೆಲ್ಲ ತೂಕವನ್ನು ಮೇಲೆತ್ತುವುದಕ್ಕೂ ಸ್ವಲ್ಪ ಟಯರಿನ ಉರುಳುತಡೆಗೂ ಖರ್ಚಾಗುತ್ತದೆ. ಸೂತ್ರ ಇಷ್ಟೇ: ಏರಿನ ಶೇಕಡಾವಾರನ್ನು ದಶಮಾಂಶದಲ್ಲಿ ಬರೆದು, ಉರುಳುತಡೆಗೆ 0.006 ಕೂಡಿಸಿ, ಒಟ್ಟು ತೂಕದಿಂದಲೂ 9.8ರಿಂದಲೂ ಗುಣಿಸಿ, ಬಂದ ಸಂಖ್ಯೆಯಿಂದ ವ್ಯಾಟುಗಳನ್ನು ಭಾಗಿಸಿದರೆ ಸೆಕೆಂಡಿಗೆ ಎಷ್ಟು ಮೀಟರ್ ವೇಗದಲ್ಲಿ ಏರಬಲ್ಲಿರಿ ಎಂಬುದು ಸಿಗುತ್ತದೆ.

ಶೇ. 8ರ ಏರಿಗೆ ಈ ಲೆಕ್ಕ ಮಾಡಿದರೆ ಸೆಕೆಂಡಿಗೆ 1.68 ಮೀಟರ್, ಅಂದರೆ ಗಂಟೆಗೆ ಸುಮಾರು 6 ಕಿ.ಮೀ. ವೇಗ ಬರುತ್ತದೆ. ಏರಿನಲ್ಲಿ ಪೆಡಲ್ ನಿಮಿಷಕ್ಕೆ 60 ಸುತ್ತಾದರೂ ತಿರುಗಬೇಕು. ಅದಕ್ಕಿಂತ ನಿಧಾನವಾದರೆ ಪ್ರತಿ ತುಳಿತಕ್ಕೂ ಹೆಚ್ಚು ಬಲ ಹಾಕಬೇಕಾಗಿ ಮಂಡಿಯ ಮೇಲಿನ ಹೊರೆ ಏರುತ್ತದೆ. ನಿಮಿಷಕ್ಕೆ 60 ಸುತ್ತೆಂದರೆ ಸೆಕೆಂಡಿಗೆ ಒಂದು ಸುತ್ತು, ಆದ್ದರಿಂದ ಒಂದು ಸುತ್ತಿಗೆ 1.68 ಮೀಟರ್ ಹೋಗುವ ಗೇರು ಬೇಕು. ಅದನ್ನು 2.15ರಿಂದ ಭಾಗಿಸಿದರೆ ಬೇಕಾದ ಅನುಪಾತ 0.78. ಇದೇ ಸವಾರರಿಗೆ ಶೇ. 5ರ ಏರಿಗೆ 1.2, ಶೇ. 6ಕ್ಕೆ 1.0, ಶೇ. 10ಕ್ಕೆ 0.63 ಸಾಕು.

ಈ ಸಂಖ್ಯೆಗಳ ಹಿಂದೆ ಕಾಲಿಗೆ ಆಗುವ ವ್ಯತ್ಯಾಸವನ್ನು ಗಮನಿಸಬೇಕು. ಶೇ. 8ರ ಏರನ್ನು ಅದೇ 120 ವ್ಯಾಟಿನಲ್ಲಿ 34 ಹಲ್ಲಿನ ಚೈನ್‌ರಿಂಗ್ ಮತ್ತು 28 ಹಲ್ಲಿನ ಹಿಂದಿನ ಚಕ್ರದಿಂದ, ಅಂದರೆ 1.21ರ ಅನುಪಾತದಲ್ಲಿ ಏರಿದರೆ ಪೆಡಲ್ ನಿಮಿಷಕ್ಕೆ 39 ಸುತ್ತಿಗೆ ಇಳಿಯುತ್ತದೆ, ಮತ್ತು 170 ಮಿ.ಮೀ. ಉದ್ದದ ಕ್ರ್ಯಾಂಕಿನ (ಪೆಡಲಿನ ತೋಳಿನ) ಮೇಲೆ ಸರಾಸರಿ 18 ಕೆ.ಜಿ. ಭಾರದಷ್ಟು ಒತ್ತಡ ಸತತವಾಗಿ ಬೀಳಬೇಕಾಗುತ್ತದೆ. ಮುಂದೆ 24 ಹಲ್ಲು ಇದ್ದರೆ ಅದೇ ವೇಗಕ್ಕೆ 55 ಸುತ್ತು, 12.5 ಕೆ.ಜಿ. ಒತ್ತಡ. ಇದು ಸರಾಸರಿ ಮಾತ್ರ. ಪೆಡಲ್ ಮುಂದಕ್ಕೆ ಬಂದ ಗಳಿಗೆಯಲ್ಲಿ ಬಲ ಅದರ ಒಂದೂವರೆ ಪಟ್ಟಿಗೂ ಮೀರುತ್ತದೆ. ಮಾಡಿದ ಕೆಲಸ ಒಂದೇ, ಬೆಟ್ಟ ಒಂದೇ, ತುದಿ ಮುಟ್ಟುವ ಹೊತ್ತೂ ಒಂದೇ. ಮಂಡಿ ಹೊರುವ ಹೊರೆ ಮಾತ್ರ ಸುಮಾರು ಶೇ. 30ರಷ್ಟು ಕಡಿಮೆ. ಹಗುರ ಗೇರು ಬಲಹೀನರಿಗೆ ಎಂಬ ಮಾತನ್ನು ಕೇಳಿದಾಗಲೆಲ್ಲ ಈ ಲೆಕ್ಕವನ್ನು ಮುಂದಿಡಬೇಕೆನಿಸುತ್ತದೆ. ಆ ಭಾವನೆ ಬಹಳ ಹಳೆಯದು: ಟೂರ್ ಡಿ ಫ್ರಾನ್ಸ್ ಸ್ಪರ್ಧೆಯನ್ನು ಆರಂಭಿಸಿದ ಹೆನ್ರಿ ಡೆಗ್ರಾಂಜ್ ಗೇರು ಬದಲಿಸುವ ಡಿರೇಲರನ್ನು ವಿರೋಧಿಸುತ್ತಲೇ ಬಂದರು, 1903ರಲ್ಲಿ ಶುರುವಾದ ಆ ಸ್ಪರ್ಧೆಯಲ್ಲಿ ಅದಕ್ಕೆ ಎಲ್ಲರಿಗೂ ಅನುಮತಿ ಸಿಕ್ಕಿದ್ದು 1937ರಲ್ಲಿ.

ತೂಕದ ಬಗ್ಗೆ ಇನ್ನೊಂದು ಮಾತು. 20 ಕೆ.ಜಿ. ತೂಕದ ಮಗುವನ್ನು ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಡುವವರಿಗೆ ಶೇ. 8ರ ಏರು ಶೇ. 10ರ ಏರಿನಂತೆಯೇ ಆಗುತ್ತದೆ, ಬೇಕಾದ ಅನುಪಾತ 0.78ರಿಂದ 0.63ಕ್ಕೆ ಇಳಿಯುತ್ತದೆ. ತರಕಾರಿ ಚೀಲ, ಗ್ಯಾಸ್ ಸಿಲಿಂಡರ್, ದೂರಪ್ರಯಾಣದ ಸಾಮಾನು ಯಾವುದಕ್ಕಾದರೂ ಇದೇ ನ್ಯಾಯ. ಹೊರೆ ಹೊರುವವರೇ ಅತಿ ಹಗುರ ಗೇರಿಗೆ ಅರ್ಹರು. ಆದರೆ ಹಗುರಕ್ಕೂ ಒಂದು ಮಿತಿಯಿದೆ: ಗಂಟೆಗೆ 4 ಕಿ.ಮೀ.ಗಿಂತ ಕೆಳಗೆ ಸೈಕಲ್ಲಿನ ಸಮತೋಲನ ಕಾಯುವುದೇ ಕಷ್ಟ, ಆ ವೇಗದಲ್ಲಿ ಇಳಿದು ನಡೆದರೂ ಅಷ್ಟೇ. ಹೀಗಾಗಿ ಡಾಂಬರು ರಸ್ತೆಯ ಸವಾರರಿಗೆ 0.55ಕ್ಕಿಂತ ಚಿಕ್ಕ ಅನುಪಾತ ವಿರಳವಾಗಿ ಬೇಕಾದೀತು.

ಮೂರನೆಯ ಹೆಜ್ಜೆ: ಈಗಿರುವ ಹಲ್ಲುಗಳನ್ನು ಎಣಿಸುವುದು

ಚೈನ್‌ರಿಂಗ್ ಮತ್ತು ಹಿಂದಿನ ಚಕ್ರಗಳ ಮೇಲೆ ಹಲ್ಲಿನ ಸಂಖ್ಯೆ ಕೆತ್ತಿರುವುದುಂಟು. ಇಲ್ಲದಿದ್ದರೆ ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಬೇಕು. ಮುಂದಿನ ಅತಿ ಚಿಕ್ಕದನ್ನು ಹಿಂದಿನ ಅತಿ ದೊಡ್ಡದರಿಂದ ಭಾಗಿಸಿದರೆ ನಿಮ್ಮ ಅತಿ ಹಗುರ ಗೇರು ತಿಳಿಯುತ್ತದೆ.

ಹೋಲಿಕೆಗೆ ಕೆಲವು ಸಾಮಾನ್ಯ ಜೋಡಣೆಗಳನ್ನು ನೋಡೋಣ. ಗೇರಿಲ್ಲದ 28 ಇಂಚಿನ ಕಪ್ಪು ಸೈಕಲ್ಲಿನಲ್ಲಿ ಮುಂದೆ 44, ಹಿಂದೆ 18 ಹಲ್ಲಿದ್ದರೆ ಅನುಪಾತ 2.44, ಸಮತಟ್ಟಿನಲ್ಲಿ ನಿಮಿಷಕ್ಕೆ 60 ಸುತ್ತಿಗೆ ಗಂಟೆಗೆ ಸುಮಾರು 20 ಕಿ.ಮೀ. ಕೊಡುವ ಸೊಗಸಾದ ಗೇರು, ಬಯಲುಸೀಮೆಯ ಊರುಗಳಿಗೆ ಇಂದಿಗೂ ಅದರಲ್ಲಿ ಕೊರತೆಯಿಲ್ಲ, ಆದರೆ ಶೇ. 8ರ ಏರಿನಲ್ಲಿ ಇಳಿಯದೆ ಗತ್ಯಂತರವಿಲ್ಲ. 50 ಮತ್ತು 34 ಹಲ್ಲಿನ ಎರಡು ಚೈನ್‌ರಿಂಗಿಗೆ ಹಿಂದೆ 11ರಿಂದ 28 ಹಲ್ಲಿನವರೆಗಿನ ಚಕ್ರಗಳಿರುವ ರೋಡ್ ಬೈಕಿನ ಹಗುರ ಗೇರು 1.21. ಮುಂದೆ 48, 38, 28 ಹಾಗೂ ಹಿಂದೆ 14ರಿಂದ 28 ಇರುವ 21 ಗೇರಿನ ಹೈಬ್ರಿಡ್ಡಿನದು 1.0. ಮುಂದೆ 42, 34, 24 ಇದ್ದರೆ 0.86. ಕೊನೆಯ ಎರಡಕ್ಕೂ ಅಂಗಡಿಯ ಚೀಟಿಯಲ್ಲಿರುವುದು 21 ಎಂಬ ಒಂದೇ ಸಂಖ್ಯೆ, ಆದರೆ ಮಡಿಕೇರಿಯ ರಸ್ತೆಯಲ್ಲಿ ಅವೆರಡೂ ಬೇರೆ ಬೇರೆ ಸೈಕಲ್ಲುಗಳು. ಆ 21ರಲ್ಲಿಯೂ ಅನೇಕ ಗೇರುಗಳು ಒಂದರ ಮೇಲೊಂದು ಬೀಳುತ್ತವೆ: 48ಕ್ಕೆ 24 ಹಾಕಿದರೂ 28ಕ್ಕೆ 14 ಹಾಕಿದರೂ ಅನುಪಾತ 2.0 ತಾನೆ.

ಭಾರದ ತುದಿಯನ್ನು ಬಿಟ್ಟುಕೊಡುವ ಧೈರ್ಯ

ಹಗುರ ಗೇರಿಗಾಗಿ ವೇಗದ ಗೇರನ್ನು ಕಳೆದುಕೊಳ್ಳಬೇಕಲ್ಲ ಎಂಬ ಆತಂಕ ಸಹಜ. 50ಕ್ಕೆ 11ರ ಗೇರಿನಲ್ಲಿ ನಿಮಿಷಕ್ಕೆ 85 ಸುತ್ತು ತುಳಿದರೆ ಗಂಟೆಗೆ 50 ಕಿ.ಮೀ. ವೇಗ ಬರುತ್ತದೆ, ದಿನದ ಸವಾರರು ಆ ವೇಗ ಮುಟ್ಟುವುದು ಇಳಿಜಾರಿನಲ್ಲಿ, ಅಲ್ಲಿ ತುಳಿಯುವ ಅಗತ್ಯವೇ ಇರುವುದಿಲ್ಲ. 42ಕ್ಕೆ 14ರಲ್ಲಿ ಅದೇ ತುಳಿತಕ್ಕೆ 33 ಕಿ.ಮೀ. ಸಿಗುತ್ತದೆ, ಊರಿನ ಯಾವ ರಸ್ತೆಗೂ ಅದು ಸಾಲದೆ ಬರುವುದಿಲ್ಲ. ಅನುಪಾತ 3ಕ್ಕಿಂತ ಮೇಲಿನದ್ದೆಲ್ಲ ದಿನಬಳಕೆಯವರಿಗೆ ಹೆಚ್ಚುವರಿ.

ನಾಲ್ಕನೆಯ ಹೆಜ್ಜೆ: ಬದಲಾವಣೆಯನ್ನು ಹಿಂದಿನಿಂದ ಆರಂಭಿಸುವುದು

ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವುದು ಹಿಂದಿನ ಹಲ್ಲುಚಕ್ರಗಳ ಗುಚ್ಛವನ್ನು ಬದಲಿಸುವುದು. ಅದಕ್ಕೆ ಮೊದಲು ನಿಮ್ಮಲ್ಲಿರುವುದು ಫ್ರೀವೀಲೋ ಕ್ಯಾಸೆಟ್ಟೋ ಎಂದು ತಿಳಿಯಬೇಕು. ಹಿಂದಿನ ಚಕ್ರವನ್ನು ಬಿಚ್ಚಿ, ಹಲ್ಲುಚಕ್ರಗಳನ್ನು ಹಿಂದಕ್ಕೆ ತಿರುಗಿಸುತ್ತ ನಡುವಿನ ಟೂಲ್ ಕೂರಿಸುವ ಕಚ್ಚುಗಳನ್ನು ಗಮನಿಸಿ: ಅವು ಹಲ್ಲುಗಳೊಂದಿಗೇ ತಿರುಗಿದರೆ ಕ್ಯಾಸೆಟ್, ಸುಮ್ಮನೆ ನಿಂತಿದ್ದರೆ ಹಬ್ಬಿಗೆ (ಚಕ್ರದ ನಡುವಿನ ಗುಂಬಕ್ಕೆ) ಸ್ಕ್ರೂವಿನಂತೆ ತಿರುಗಿಸಿ ಕೂರಿಸುವ ಫ್ರೀವೀಲ್. 7 ಹಲ್ಲುಚಕ್ರಗಳ ಅಗ್ಗದ ಸೈಕಲ್ಲುಗಳಲ್ಲಿ ಹೆಚ್ಚಾಗಿ ಇರುವುದು ಫ್ರೀವೀಲ್. ಎರಡಕ್ಕೂ ಬಿಚ್ಚುವ ಸಾಧನ ಬೇರೆ ಬೇರೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹೊಸದರಲ್ಲಿ ಎಷ್ಟು ಹಲ್ಲುಚಕ್ರಗಳಿವೆಯೋ ಗೇರು ಬದಲಿಸುವ ಹಿಡಿಯಾದ ಶಿಫ್ಟರಿನಲ್ಲಿಯೂ ಅಷ್ಟೇ ಕ್ಲಿಕ್ ಇರಬೇಕು ಎಂಬುದನ್ನೂ ಮರೆಯಬಾರದು.

ಶಿಮಾನೋ ಕಂಪನಿಯ 14ರಿಂದ 28ರ ಫ್ರೀವೀಲಿನ ಜಾಗದಲ್ಲಿ ಅದರದೇ 14ರಿಂದ 34ರದ್ದನ್ನು ಹಾಕಿದರೆ, ಮುಂದೆ 28 ಹಲ್ಲಿನ ರಿಂಗ್ ಇರುವವರಿಗೆ 1.0 ಇದ್ದದ್ದು 0.82ಕ್ಕೆ ಇಳಿಯುತ್ತದೆ. ಈ ಫ್ರೀವೀಲಿನಲ್ಲಿ 24ರ ನಂತರ ನೇರವಾಗಿ 34 ಬರುವುದರಿಂದ ಆ ಒಂದು ಮೆಟ್ಟಿಲು ಶೇ. 40ಕ್ಕೂ ಎತ್ತರ, ಬದಲಿಸಿದ ಕೂಡಲೇ ಕಾಲು ಬರಿದೇ ತಿರುಗಿದಂತಾಗುತ್ತದೆ. ಏರಿನ ಬುಡಕ್ಕೆ ಒಮ್ಮೆ ಹಾಕಿ ತುದಿಯವರೆಗೆ ಬದಲಿಸದೆ ಹೋಗುವವರಿಗೆ ಇದು ತೊಡಕಲ್ಲ. ಏರಿಳಿತದ ರಸ್ತೆಯಲ್ಲಿ ಮತ್ತೆ ಮತ್ತೆ ಗೇರು ಬದಲಿಸುವವರಿಗೆ ಅಂತರಗಳು ಸಮನಾಗಿರುವುದು ಮುಖ್ಯ. 8 ಹಲ್ಲುಚಕ್ರಗಳ ಕ್ಯಾಸೆಟ್ ಇದ್ದವರು 11ರಿಂದ 34ರದ್ದಕ್ಕಿಂತ 11ರಿಂದ 32ರದ್ದನ್ನು ಇದೇ ಕಾರಣಕ್ಕೆ ಇಷ್ಟಪಡಬಹುದು. ಮೊದಲನೆಯದರಲ್ಲಿ 26ರಿಂದ 34ಕ್ಕೆ ಜಿಗಿತ, ಎರಡನೆಯದರಲ್ಲಿ 28ರಿಂದ 32ಕ್ಕೆ. ನನ್ನ ಒಲವು ಮಾತ್ರ, ಘಾಟಿಯ ಊರಿನವರಾದರೆ, ಅಂತರ ಹೇಗಿದ್ದರೂ ದೊಡ್ಡ ಚಕ್ರದ ಕಡೆಗೇ.

ಇನ್ನು ಹಿಂದಿನ ಡಿರೇಲರಿನ ಮಿತಿ. ಪ್ರತಿ ಡಿರೇಲರಿಗೂ ಎರಡು ಸಂಖ್ಯೆಗಳಿವೆ. ಒಂದು, ಅದು ಮುಟ್ಟಬಲ್ಲ ಅತಿ ದೊಡ್ಡ ಹಲ್ಲುಚಕ್ರ. ಇನ್ನೊಂದು, ಅದು ಎಳೆದುಕೊಳ್ಳಬಲ್ಲ ಚೈನಿನ ಒಟ್ಟು ಸಡಿಲ. ಮುಂದಿನ ದೊಡ್ಡ ಚಿಕ್ಕ ರಿಂಗುಗಳ ವ್ಯತ್ಯಾಸಕ್ಕೆ ಹಿಂದಿನ ದೊಡ್ಡ ಚಿಕ್ಕ ಚಕ್ರಗಳ ವ್ಯತ್ಯಾಸವನ್ನು ಕೂಡಿಸಿದರೆ ಬೇಕಾದದ್ದು ತಿಳಿಯುತ್ತದೆ. ಮುಂದೆ 50 ಮತ್ತು 34, ಹಿಂದೆ 11ರಿಂದ 34 ಎಂದರೆ 16ಕ್ಕೆ 23 ಸೇರಿ 39. ಶಿಮಾನೋ 105ರ ಆರ್7000 ಶ್ರೇಣಿಯ ಉದ್ದ ಕೇಜಿನ (ಚೈನು ಹಾಯುವ ಗಾಲಿಗಳ ಚೌಕಟ್ಟಿನ) ಡಿರೇಲರಿಗೆ 34 ಹಲ್ಲು, 39ರ ಸಾಮರ್ಥ್ಯ ಇದೆ, ಸರಿಯಾಗಿ ಸಾಕು. ಅದೇ ಶ್ರೇಣಿಯ ಚಿಕ್ಕ ಕೇಜಿನದಕ್ಕೆ 30 ಹಲ್ಲು, 35 ಮಾತ್ರ, ಸಾಲದು. ನಿಮ್ಮ ಡಿರೇಲರಿನ ಹಿಂಬದಿಯಲ್ಲಿರುವ ಮಾದರಿ ಸಂಖ್ಯೆಯನ್ನು ಬರೆದುಕೊಂಡು ತಯಾರಕರ ಜಾಲತಾಣದಲ್ಲಿ ಈ ಎರಡು ಸಂಖ್ಯೆಗಳನ್ನು ನೋಡದೆ ಬಿಡಿಭಾಗ ಕೊಳ್ಳಬೇಡಿ.

ದೊಡ್ಡ ಹಲ್ಲುಚಕ್ರ ಹಾಕಿದಾಗ ಚೈನಿನ ಉದ್ದವನ್ನು ಮತ್ತೆ ನಿರ್ಧರಿಸಲೇಬೇಕು. ಡಿರೇಲರಿನ ಮೂಲಕ ಹಾಯಿಸದೆ, ಮುಂದಿನ ಅತಿ ದೊಡ್ಡ ರಿಂಗು ಮತ್ತು ಹಿಂದಿನ ಅತಿ ದೊಡ್ಡ ಚಕ್ರದ ಸುತ್ತ ಚೈನನ್ನು ಬಿಗಿಯಾಗಿ ಸುತ್ತಿ, ಕೂಡುವ ಜಾಗಕ್ಕೆ ಎರಡು ಕೊಂಡಿ ಹೆಚ್ಚಿಗೆ ಬಿಡುವುದು ಸಾಮಾನ್ಯ ಡಿರೇಲರ್ ಸೈಕಲ್ಲುಗಳಿಗೆ ನಂಬಬಹುದಾದ ಕ್ರಮ. ಚೈನು ಗಿಡ್ಡವಾಗಿದ್ದು ಸವಾರರು ಅರಿಯದೆ ದೊಡ್ಡದಕ್ಕೆ ದೊಡ್ಡದನ್ನು ಹಾಕಿದರೆ ಡಿರೇಲರ್ ಕಿತ್ತು ಕೈಗೆ ಬರುತ್ತದೆ. ಚೈನು ಸವೆದಿದ್ದರೆ ಹೊಸ ಹಲ್ಲುಗಳ ಮೇಲೆ ಅದು ಜಾರುತ್ತದೆ, ಅದೂ ಬಲ ಹೆಚ್ಚು ಬೀಳುವ ಏರಿನಲ್ಲೇ: 24 ಕೊಂಡಿಗಳ ಉದ್ದ ಹೊಸದರಲ್ಲಿ 304.8 ಮಿ.ಮೀ., ಅದು 306.3ರ ಹತ್ತಿರ ಬಂದಿದ್ದರೆ ಚೈನನ್ನೂ ಜತೆಗೇ ಬದಲಿಸಿ. ಮಲೆನಾಡು, ಕರಾವಳಿಗಳ ಮಳೆಗಾಲದ ಕೆಸರಿನಲ್ಲಿ ಓಡಿಸುವವರು ಈ ಅಳತೆಯನ್ನು ಆಗಾಗ ತೆಗೆದುಕೊಳ್ಳಬೇಕು.

ಐದನೆಯ ಹೆಜ್ಜೆ: ಅಷ್ಟೂ ಸಾಲದಿದ್ದರೆ ಮುಂದಿನ ರಿಂಗು

50 ಮತ್ತು 34ರ ಕ್ರ್ಯಾಂಕಿನಲ್ಲಿ ಬೋಲ್ಟುಗಳ ವೃತ್ತ ಸಾಮಾನ್ಯವಾಗಿ 110 ಮಿ.ಮೀ. ಇರುವುದರಿಂದ 33ಕ್ಕಿಂತ ಚಿಕ್ಕ ರಿಂಗು ಅದಕ್ಕೆ ಕೂರುವುದಿಲ್ಲ. ಆಗ ಇಡೀ ಕ್ರ್ಯಾಂಕನ್ನೇ 46 ಮತ್ತು 30ರದ್ದಕ್ಕೆ ಬದಲಿಸಿದರೆ 34 ಹಲ್ಲಿನ ಹಿಂದಿನ ಚಕ್ರದೊಂದಿಗೆ 0.88 ಸಿಗುತ್ತದೆ. 2019ರಲ್ಲಿ ಶಿಮಾನೋ ಗ್ರಾವೆಲ್ (ಜಲ್ಲಿ, ಮಣ್ಣುದಾರಿಯ) ಸೈಕಲ್ಲುಗಳಿಗೆಂದು ಹೊರತಂದ ಜಿಆರ್‌ಎಕ್ಸ್ ಶ್ರೇಣಿಯಲ್ಲಿ ಈ ಅಳತೆಯಿದೆ. ನನ್ನ ದೃಷ್ಟಿಯಲ್ಲಿ ಡಾಂಬರು ರಸ್ತೆಯ ಸಾಮಾನ್ಯ ಸವಾರರಿಗೂ ಮೊದಲೇ ಕೊಡಬೇಕಾಗಿದ್ದ ಅಳತೆ ಇದು. ಅಗ್ಗದ ಹೈಬ್ರಿಡ್ಡುಗಳ ರಿಂಗುಗಳನ್ನು ರಿವೆಟ್ ಹೊಡೆದು ಕೂರಿಸಿರುವುದರಿಂದ ಒಂದನ್ನೇ ಬಿಡಿಸಿ ಬದಲಿಸಲಾಗದು, ಆದರೆ 42, 34, 24ರ ಪೂರ್ತಿ ಕ್ರ್ಯಾಂಕ್ ಜೋಡಿ ದುಬಾರಿಯಲ್ಲ. ರಿಂಗು ಚಿಕ್ಕದಾದಾಗ ಮುಂದಿನ ಡಿರೇಲರನ್ನೂ ಕೆಳಗಿಳಿಸಿ, ಅದರ ಹೊರ ತಗಡು ದೊಡ್ಡ ರಿಂಗಿನ ಹಲ್ಲುಗಳಿಂದ 1ರಿಂದ 3 ಮಿ.ಮೀ. ಮೇಲಿರುವಂತೆ ಕೂರಿಸಬೇಕು.

ಹೊಸ ಸೈಕಲ್ ಕೊಳ್ಳುವವರಿಗೆ

ಮೇಲಿನ ಲೆಕ್ಕ ಹಾಕಿಕೊಂಡು ಹೋದವರಿಗೆ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡೇ: ಮುಂದಿನ ಅತಿ ಚಿಕ್ಕ ರಿಂಗಿಗೆ ಎಷ್ಟು ಹಲ್ಲು, ಹಿಂದಿನ ಅತಿ ದೊಡ್ಡ ಚಕ್ರಕ್ಕೆ ಎಷ್ಟು ಹಲ್ಲು. ಮೇಲ್ಸೇತುವೆಗಳೇ ದೊಡ್ಡ ಏರಾಗಿರುವ ಊರಿನಲ್ಲಿ 1.2 ಸಾಕು. ಬೆಂಗಳೂರು, ಮೈಸೂರುಗಳ ಏರಿಳಿತಕ್ಕೆ ಹಾಗೂ ವಾರಕ್ಕೊಮ್ಮೆ ಬೆಟ್ಟ ಹತ್ತುವವರಿಗೆ 1.0 ಅಥವಾ ಅದಕ್ಕಿಂತ ಕಡಿಮೆ ಇರಲಿ. ಮಂಗಳೂರು, ಮಡಿಕೇರಿ, ಪಶ್ಚಿಮಘಟ್ಟದ ಊರುಗಳಿಗೆ 0.8, ಹೊರೆ ಹೊರುವುದಾದರೆ 0.65ರ ಸುತ್ತಮುತ್ತ.

ಈಚೆಗೆ ಮುಂದೆ ಒಂದೇ ರಿಂಗು ಇರುವ ಸೈಕಲ್ಲುಗಳು ಹೆಚ್ಚಾಗಿವೆ. ಬದಲಿಸುವುದು ಸುಲಭ, ಚೈನು ಬೀಳುವುದು ಕಡಿಮೆ, ಹೊಸಬರಿಗೆ ಹಿತ. 40 ಹಲ್ಲಿಗೆ 11ರಿಂದ 42 ಇದ್ದರೆ 0.95, 32 ಹಲ್ಲಿಗೆ 11ರಿಂದ 46 ಇದ್ದರೆ 0.70, ಎರಡನೆಯದು ಮಲೆನಾಡಿಗೆ ಹೇಳಿ ಮಾಡಿಸಿದ ಜೋಡಿ. ಆದರೂ ಮೂರು ರಿಂಗಿನ ಹಳೆಯ ಪದ್ಧತಿಯನ್ನು ಹಿಂದುಳಿದದ್ದೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದರ ಬಿಡಿಭಾಗಗಳು ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿಯೂ ಸಿಗುತ್ತವೆ, ಯಾವ ಮೆಕ್ಯಾನಿಕ್ ಆದರೂ ಸರಿಪಡಿಸಬಲ್ಲರು, ಅದು ಕೊಡುವ ಹಗುರ ಗೇರಿಗೆ ಸಮನಾದದ್ದನ್ನು ಒಂದೇ ರಿಂಗಿನಲ್ಲಿ ಪಡೆಯಲು ದುಬಾರಿ ಕ್ಯಾಸೆಟ್ ಬೇಕು. ಹಬ್ಬಿನೊಳಗೆ ಗೇರು ಅಡಗಿರುವ ಬಗೆಯೂ ಇದೆ. ಸ್ಟರ್ಮಿ ಆರ್ಚರ್ ಕಂಪನಿಯ ಹಳೆಯ ಮೂರು ಗೇರಿನ ಹಬ್ ಮೂಲ ಅನುಪಾತವನ್ನು ಮುಕ್ಕಾಲಿಗೆ ಇಳಿಸುತ್ತದೆ, ಇಲ್ಲವೆ ಮೂರನೇ ಒಂದು ಭಾಗ ಏರಿಸುತ್ತದೆ. ಮಳೆ ಕೆಸರು ತಾಗದ ಕಾರಣ ಊರೊಳಗಿನ ಓಡಾಟಕ್ಕೆ ಅದು ಉತ್ತಮ, ಘಾಟಿಗೆ ಅದರ ವ್ಯಾಪ್ತಿ ಸಾಲದು.

ಜೋಡಿಸಿದ ಮೇಲೆ

ಮೊದಲು ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೈಯಿಂದ ಪೆಡಲ್ ತಿರುಗಿಸುತ್ತ, ಎಲ್ಲ ಗೇರುಗಳಿಗೂ ಒಂದು ಸುತ್ತು ಹೋಗಿ ಬನ್ನಿ. ಅತಿ ದೊಡ್ಡ ಹಿಂದಿನ ಚಕ್ರಕ್ಕೆ ಹಾಕಿದಾಗ ಚೈನು ಕಡ್ಡಿಗಳ ಕಡೆಗೆ ಹಾರಬಾರದು, ಡಿರೇಲರಿನ ಮೇಲಿನ ಗಾಲಿ ಆ ಚಕ್ರಕ್ಕೆ ಉಜ್ಜಬಾರದು. ಮೊದಲನೆಯದಕ್ಕೆ ಮಿತಿಯ ಸ್ಕ್ರೂ, ಎರಡನೆಯದಕ್ಕೆ ಬಿ ಸ್ಕ್ರೂ ಇದೆ. ಆಮೇಲೆ ನೀವು ಅಳೆದಿಟ್ಟ ಆ 200 ಮೀಟರಿನ ಏರಿಗೆ ಹೋಗಿ, ಏರು ಶುರುವಾಗುವ ಮುನ್ನವೇ, ಪೆಡಲ್ ಇನ್ನೂ ಸಲೀಸಾಗಿ ತಿರುಗುತ್ತಿರುವಾಗ ಚಿಕ್ಕ ರಿಂಗಿಗೆ ಬಂದು, ಅರ್ಧ ನಿಮಿಷದಲ್ಲಿ ಒಂದು ಕಾಲು ಎಷ್ಟು ಬಾರಿ ಕೆಳಗಿಳಿಯುತ್ತದೆ ಎಂದು ಎಣಿಸಿ. ಕುಳಿತಂತೆಯೇ, ಏದುಸಿರಿಲ್ಲದೆ 30 ಬಂದರೆ ಗೇರು ನಿಮಗೆ ಹೊಂದಿದೆ. 25ಕ್ಕಿಂತ ಕಡಿಮೆಯಾದರೆ ಹಿಂದೆ ಇನ್ನೂ ಕೆಲವು ಹಲ್ಲು ಹೆಚ್ಚಿಸಲು ಡಿರೇಲರ್ ಬಿಡುತ್ತದೆಯೇ ನೋಡಿ, ಬಿಡದಿದ್ದರೆ ಮುಂದಿನ ರಿಂಗನ್ನು ಕಿರಿದಾಗಿಸಿ.